3,595 ರೂಪಾಯಿಯ ಬೈಕ್ ಸರ್ವಿಸ್: ಬಿಲ್‌ನಲ್ಲಿ ಇದ್ದದ್ದು, ಇಲ್ಲದ್ದು

ಸಂಜೆ ಕೈಗೆ ಬಂದ ಬಿಲ್ 3,595 ರೂಪಾಯಿ. ಗಾಡಿ 2014ರ ಬಜಾಜ್ ಪಲ್ಸರ್ 150. ಕಾರ್ಬ್ಯುರೇಟರ್ ಇರುವ, ಎರಡು ಪ್ಲಗ್‌ನ ಎಂಜಿನ್. ಮೀಟರಿನಲ್ಲಿ 42,300 ಕಿಲೋಮೀಟರ್. ಬಿಡಿಭಾಗ ಮತ್ತು ಆಯಿಲ್‌ಗೆ 2,570, ತೆರಿಗೆ ಸೇರಿ ಕೈಕೂಲಿ 885, ತೊಳೆದದ್ದಕ್ಕೆ 100, ಗ್ರೀಸು ಬಟ್ಟೆಗೆಂದು 40. ಕೈಕೂಲಿ ಒಟ್ಟು ಬಿಲ್‌ನ ಸುಮಾರು ಕಾಲು ಭಾಗ.

ಬಿಲ್ ನೋಡಿದವರು ಮೊದಲು ಚೌಕಾಸಿ ಮಾಡುವುದು ಈ ಕಾಲು ಭಾಗದ ಮೇಲೆ. ಆಯಿಲ್, ಪ್ಲಗ್, ಚೈನ್ ಕಿಟ್ ಕಣ್ಣಿಗೆ ಕಾಣುತ್ತವೆ, ಅದಕ್ಕೆ ದುಡ್ಡು ಕೊಡಲು ಬೇಸರವಿಲ್ಲ. ಆದರೆ ಆ ಸಾಮಾನನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದಿನ ಅಂಗಡಿಯಲ್ಲಾಗಲಿ ಯಾರು ಬೇಕಾದರೂ ಕೊಳ್ಳಬಹುದು. ‘ಜನರಲ್ ಸರ್ವಿಸ್’ ಎಂಬ ಒಂದೇ ಸಾಲಿನ ಹಿಂದೆ ಹತ್ತು ಹದಿನೈದು ಕೆಲಸಗಳಿವೆ. ಅವುಗಳಲ್ಲಿ ಒಂದಕ್ಕೂ ಬಿಲ್‌ನಲ್ಲಿ ಹೆಸರಿಲ್ಲ. ಅವು ಆಗಿವೆಯೋ ಇಲ್ಲವೋ ಎಂಬುದರ ಮೇಲೆ ಉಳಿದ ದುಡ್ಡು ಸಾರ್ಥಕವೋ ದಂಡವೋ ಎಂಬುದು ನಿಂತಿದೆ. ಆದ್ದರಿಂದ ಇಡೀ ಕೆಲಸವನ್ನು ಅದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಗಾಡಿಯನ್ನು ಹಿಂದಿನ ದಿನ ಸಂಜೆಯೇ ಬಿಟ್ಟದ್ದಕ್ಕೆ ಕಾರಣವಿದೆ. ವಾಲ್ವ್ ಸಂದು, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಕೂದಲೆಳೆಯ ಅಂತರ, ಅಳೆಯುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು; ಇದನ್ನು ಹೊಂದಿಸುವುದಕ್ಕೇ ಟ್ಯಾಪೆಟ್ ಸೆಟ್ ಮಾಡುವುದು ಎನ್ನುತ್ತಾರೆ. ಆಯಿಲ್ ಇಳಿಸುವಾಗ ಎಂಜಿನ್ ಬೆಚ್ಚಗಿರಬೇಕು. ಬೆಳಿಗ್ಗೆ ಹತ್ತಕ್ಕೆ ಗಾಡಿ ಓಡಿಸಿಕೊಂಡು ಹೋಗಿ ನಿಲ್ಲಿಸಿ, ಹತ್ತೂವರೆಗೆ ಟ್ಯಾಪೆಟ್ ಸೆಟ್ ಮಾಡಿದರೆ ಆ ಅಳತೆಗೆ ಅರ್ಥವಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೊದಲು ಟ್ಯಾಪೆಟ್, ಆಮೇಲೆ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಆಯಿಲ್. ಈ ಕ್ರಮ ಗೊತ್ತಿರುವ ಮೆಕ್ಯಾನಿಕ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಜಾಬ್ ಕಾರ್ಡ್ ಬರೆಸುವಾಗ ‘ಫುಲ್ ಚೆಕ್ ಮಾಡಿ’ ಅಂದರೆ ಏನೂ ಹೇಳಿದಂತಲ್ಲ. ಅಲ್ಲಿ ಬರೆದದ್ದು ಮಾತ್ರ ಮೆಕ್ಯಾನಿಕ್‌ನ ಕೈಗೆ ತಲುಪುತ್ತದೆ. ಕೌಂಟರಿನಲ್ಲಿ ಮಾತು ಕೇಳಿಸಿಕೊಂಡವರು ಸ್ಪಾನರ್ ಹಿಡಿಯುವವರಲ್ಲ. ಆದ್ದರಿಂದ ಲಕ್ಷಣವನ್ನು ವೇಗ, ಗೇರ್, ಬಿಸಿ-ತಣ್ಣಗಿನ ಲೆಕ್ಕದಲ್ಲಿ ಹೇಳಬೇಕು. ಈ ಕಾರ್ಡಿನಲ್ಲಿ ಇದ್ದದ್ದು ನಾಲ್ಕು: ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಚೋಕ್ ಎಳೆದರೂ ತಡ, 40ರಿಂದ 50ರ ವೇಗದಲ್ಲಿ ಚೈನ್ ಕಡೆಯಿಂದ ಲಯಬದ್ಧವಾದ ‘ಟಕ ಟಕ’, ಮುಂದಿನ ಬ್ರೇಕ್ ಹಿಡಿದಾಗ ಹ್ಯಾಂಡಲ್‌ನಲ್ಲಿ ಸಣ್ಣ ‘ಟಕ್’, ಮೈಲೇಜ್ 45ರಿಂದ 40ಕ್ಕೆ ಇಳಿಕೆ. ಕೆಳಗೆ ಎರಡು ಸಾಲು: ಬದಲಾಯಿಸಿದ ಹಳೆಯ ಭಾಗಗಳು ವಾಪಸ್ ಬೇಕು, ಪಟ್ಟಿಯಲ್ಲಿಲ್ಲದ ಭಾಗ ಹಾಕುವ ಮುಂಚೆ ಫೋನ್ ಮಾಡಬೇಕು. ಪೆಟ್ರೋಲ್ ಮುಳ್ಳು ಎಲ್ಲಿದೆ, ಕಿಲೋಮೀಟರ್ ಎಷ್ಟು ಎಂದು ಕಾರ್ಡಿನಲ್ಲೇ ಗುರುತು ಮಾಡಿಸಿ.

ಟ್ಯಾಪೆಟ್ ಕೆಲಸವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪಿಹೋಗುವುದು ಇದೇ. ಈ ಎಂಜಿನ್ನಿಗೆ ಇನ್‌ಲೆಟ್ ವಾಲ್ವ್ ಸಂದು 0.05 ಮಿಲಿಮೀಟರ್, ಎಕ್ಸಾಸ್ಟ್‌ಗೆ 0.10. ಹೆಡ್ ಮೇಲಿನ ಮುಚ್ಚಳ ಬಿಚ್ಚಿ, ಮ್ಯಾಗ್ನೆಟ್ ಕವರಿನ ಮುಚ್ಚಳದಿಂದ ಕ್ರ್ಯಾಂಕ್ ತಿರುಗಿಸಿ, ಪಿಸ್ಟನ್ ಮೇಲ್ತುದಿಗೆ ಬಂದ ಗುರುತು ಸೇರಿಸಬೇಕು. ಗುರುತು ಸೇರಿದರೆ ಸಾಲದು. ಎರಡೂ ರಾಕರ್ ಬೆರಳಿಗೆ ಸ್ವಲ್ಪ ಅಲುಗಬೇಕು, ಆಗ ಮಾತ್ರ ಅದು ಕಂಪ್ರೆಷನ್ ಹೊಡೆತ. ಅಲುಗದಿದ್ದರೆ ಇನ್ನೊಂದು ಸುತ್ತು ತಿರುಗಿಸಬೇಕು. ಇಲ್ಲಿ ಇನ್‌ಲೆಟ್ ಸರಿಯಿತ್ತು. ಎಕ್ಸಾಸ್ಟ್‌ನಲ್ಲಿ 0.10ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹೋಗಲೇ ಇಲ್ಲ, 0.05 ಬಿಗಿಯಾಗಿ ಹೋಯಿತು. ಬೆಳಗಿನ ಸ್ಟಾರ್ಟಿಂಗ್ ತೊಂದರೆಯ ಒಂದು ಕಾರಣ ಅಲ್ಲೇ ಸಿಕ್ಕಿತು.

ಜನ ಟ್ಯಾಪೆಟ್ ಶಬ್ದಕ್ಕೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಸಂದು ಕಡಿಮೆಯಾದಾಗ. ಸಂದು ಹೆಚ್ಚಾದರೆ ‘ಟಿಕ್ ಟಿಕ್’ ಎಂದು ಹೇಳಿಕೊಳ್ಳುತ್ತದೆ. ಕಡಿಮೆಯಾದರೆ ಎಂಜಿನ್ ಇನ್ನೂ ಮೆತ್ತಗೆ, ಸದ್ದಿಲ್ಲದೆ ಓಡುತ್ತದೆ. ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಇಳಿಸಿಕೊಳ್ಳುವುದೇ ಸೀಟಿಗೆ ಒತ್ತಿ ಕೂತಾಗ. ಕೂರದಿದ್ದರೆ ಅಂಚು ಸುಡುತ್ತದೆ, ಕಂಪ್ರೆಷನ್ ಸೋರುತ್ತದೆ. ಆಮೇಲೆ ಹೆಡ್ ಇಳಿಸಿ ವಾಲ್ವ್ ಹಾಕಬೇಕು. ಬೋರ್ ಪಿಸ್ಟನ್ನಿಗೂ ಕೈ ಹಾಕಿದರೆ ಖರ್ಚು ಈ ಬಿಲ್‌ನ ಎರಡು ಮೂರು ಪಟ್ಟು. ಹೊಂದಿಸುವ ಕೆಲಸ ಹದಿನೈದು ಇಪ್ಪತ್ತು ನಿಮಿಷದ್ದು. ಒಂದೇ ಎಚ್ಚರಿಕೆ: ಲಾಕ್ ನಟ್ ಬಿಗಿದಾಗ ಸ್ಕ್ರೂ ಒಂದಿಷ್ಟು ತಿರುಗಿ ಸಂದು ಬದಲಾಗುತ್ತದೆ. ಬಿಗಿದ ಮೇಲೆ ಮತ್ತೊಮ್ಮೆ ಅಳೆಯದಿದ್ದರೆ ಮೊದಲ ಅಳತೆ ವ್ಯರ್ಥ.

ಆಯಿಲ್ ಬಗ್ಗೆ ಎಲ್ಲರಿಗೂ ಒಂದಿಷ್ಟು ಗೊತ್ತು, ಬೇಗ ಮುಗಿಸುತ್ತೇನೆ. ಐದು ನಿಮಿಷ ಓಡಿಸಿ ಬಿಸಿ ಮಾಡಿ, ಗಾಡಿ ನೆಟ್ಟಗೆ ನಿಲ್ಲಿಸಿ ಡ್ರೈನ್ ಬೋಲ್ಟ್ ತೆಗೆದದ್ದು. ಹನಿ ನಿಲ್ಲುವವರೆಗೆ ಬಿಡಬೇಕು. ಹಳೆಯ ಆಯಿಲ್ ಕಪ್ಪಗಿರುವುದು ದೋಷವಲ್ಲ. ಬೆರಳಿಗೆ ಹೊಳೆಯುವ ಚೂರು ಸಿಕ್ಕರೆ ಅಥವಾ ಹಾಲು ಬೆರೆತ ಚಹಾದಂತೆ ಕಂಡರೆ ದೋಷ. ಎರಡನೆಯದು ನೀರು ಸೇರಿದ ಗುರುತು. ಬೋಲ್ಟಿನ ವಾಷರ್ ಹೊಸದು, ಆಯಿಲ್ ಫಿಲ್ಟರ್ ಹೊಸದು, ಜಾಲರಿ ತೊಳೆದು ಹಾಕಿದ್ದು. 20W50 ದರ್ಜೆಯ ಆಯಿಲ್ ಸುಮಾರು 1 ಲೀಟರ್, 420 ರೂಪಾಯಿ. ಫಿಲ್ಟರ್ 60. ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ ‘ಜಾಸೋ ಎಂಎ’ ಅಥವಾ ‘ಎಂಎ2’ ಇರಲೇಬೇಕು, ಏಕೆಂದರೆ ಈ ಆಯಿಲ್‌ನಲ್ಲೇ ಕ್ಲಚ್ ಪ್ಲೇಟುಗಳೂ ಮುಳುಗಿರುತ್ತವೆ. ಘರ್ಷಣೆ ಕಡಿಮೆ ಮಾಡುವ ಅಂಶ ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ. ಡಬ್ಬಿ ನಿಮ್ಮೆದುರೇ ಒಡೆಯಲಿ. ಬ್ಯಾರೆಲ್‌ನಿಂದ ಹಾಕುವುದಾದರೆ ಬ್ರ್ಯಾಂಡು, ದರ್ಜೆ, ಲೀಟರಿನ ದರ ಬಿಲ್‌ನಲ್ಲಿ ಬರೆಸಿ. ಮಟ್ಟ ನೋಡುವುದು ಎಂಜಿನ್ ಒಮ್ಮೆ ಓಡಿಸಿ ಎರಡು ಮೂರು ನಿಮಿಷ ನಿಲ್ಲಿಸಿದ ಮೇಲೆ, ಕಿಟಕಿಯ ಎರಡು ಗೆರೆಗಳ ನಡುವೆ. ‘ಇರಲಿ ಸ್ವಲ್ಪ ಜಾಸ್ತಿ’ ಎಂದು ಹಾಕಿದ ಆಯಿಲ್ ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರ್ ಡಬ್ಬಿಗೆ ಹೋಗಿ ಕೂರುತ್ತದೆ.

ಪ್ಲಗ್ ಎರಡು, ತಲಾ 110. ಎರಡು ಪ್ಲಗ್‌ನ ಎಂಜಿನ್ನಿನಲ್ಲಿ ಒಂದನ್ನು ಬದಲಾಯಿಸಿ ಇನ್ನೊಂದನ್ನು ಹಾಗೇ ಬಿಡುವ ಚಾಳಿ ಇದೆ. ಒಂದು ಪ್ಲಗ್ ಸತ್ತರೂ ಎಂಜಿನ್ ಓಡುತ್ತಲೇ ಇರುವುದರಿಂದ ಗೊತ್ತಾಗುವುದಿಲ್ಲ. ಪಿಕಪ್ ಕುಂದಿ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅಷ್ಟೆ. ಹಳೆಯ ಎರಡನ್ನೂ ವಾಪಸ್ ಪಡೆದು ತುದಿ ನೋಡಿ. ಕಂದು ಬಣ್ಣ ಆರೋಗ್ಯ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಫಿಲ್ಟರ್ ಕಟ್ಟಿದೆ. ಒದ್ದೆ ಎಣ್ಣೆ ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸೋರಿಕೆ. ಇಲ್ಲಿ ಸಿಕ್ಕಿದ್ದು ಒಣ ಮಸಿ.

ಅದಕ್ಕೆ ತಕ್ಕಂತೆ ಏರ್ ಫಿಲ್ಟರ್ ಧೂಳಿನಿಂದ ಕಟ್ಟಿತ್ತು. ಹೊಸದು 190. ಕಾಗದದ ಫಿಲ್ಟರನ್ನು ಹಗುರವಾಗಿ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಬಿಡಬಹುದು. ಕಂಪ್ರೆಸರ್ ಮೂತಿಯನ್ನು ಹತ್ತಿರ ಹಿಡಿದರೆ ಕಾಗದ ಕಣ್ಣಿಗೆ ಕಾಣದಂತೆ ಹರಿದು, ಧೂಳು ನೇರ ಸಿಲಿಂಡರಿಗೆ ಹೋಗುತ್ತದೆ. ಫೋಮ್ ಇರುವ ಗಾಡಿಗಳಲ್ಲಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಆಯಿಲ್‌ನಲ್ಲಿ ಅದ್ದಿ ಹಿಂಡಿ ಹಾಕಬೇಕು. ಒಣ ಫೋಮ್ ಧೂಳು ಹಿಡಿಯುವುದಿಲ್ಲ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಮಣ್ಣಿನ ದಾರಿಯಲ್ಲಿ ಓಡುವ ಗಾಡಿಗೆ ಕೈಪಿಡಿಯ ಅಂತರ ಹೊಂದುವುದಿಲ್ಲ. ಅದರ ಅರ್ಧಕ್ಕೇ ಫಿಲ್ಟರ್ ತೆಗೆದು ನೋಡಬೇಕು.

ಕಾರ್ಬ್ಯುರೇಟರ್ ಬಿಚ್ಚಿದಾಗ ಬೌಲ್‌ನ ತಳದಲ್ಲಿ ಅಂಟು ಮತ್ತು ನೀರಿನ ಹನಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಇದು ಹೆಚ್ಚು ಕಾಡುತ್ತದೆ. ಈ ಮಿಶ್ರಣಕ್ಕೆಂದು ತಯಾರಾಗದ ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪು, ಓ-ರಿಂಗ್ ಬೇಗ ಬಿರಿಯಬಹುದು, ಸರ್ವಿಸ್‌ನಲ್ಲಿ ಅವನ್ನು ಬಗ್ಗಿಸಿ ನೋಡಿಸಿ. ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್‌ಗೆ ತಂತಿ ಚುಚ್ಚಬಾರದು, ಗಾಳಿ ಊದಿದರೆ ಸಾಕು. ಮೇಲಿನ ರಬ್ಬರ್ ಡಯಾಫ್ರಮ್ ತೆಗೆಯದೆ ಕ್ಲೀನರ್ ಸ್ಪ್ರೇ ಹೊಡೆದರೆ ಅದು ಉಬ್ಬಿ ಕೆಡುತ್ತದೆ. ಐಡಲ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ವೇಗ, 1,400 ಆರ್‌ಪಿಎಂ ಆಸುಪಾಸಿಗೆ ಹೊಂದಿಸಬೇಕು, ಅದೂ ಬಿಸಿ ಎಂಜಿನ್ನಿನಲ್ಲಿ. ಗಾಡಿ ವಾಪಸ್ ಪಡೆಯುವಾಗ ಐಡಲ್ ಎರಡು ಸಾವಿರ ಇದ್ದರೆ ಯಾವುದೋ ಮಿಸ್ಸಿಂಗ್ (ಎಂಜಿನ್ ನಡುನಡುವೆ ತಡವರಿಸುವುದು) ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

ಬಿಲ್‌ನ ದೊಡ್ಡ ಭಾಗ ಚೈನ್ ಮತ್ತು ಅದು ಓಡುವ ಹಲ್ಲಿನ ಚಕ್ರಗಳ, ಅಂದರೆ ಸ್ಪ್ರಾಕೆಟ್‌ಗಳ, ಕಿಟ್: 1,250, ಹಾಕಿದ ಕೂಲಿ ಬೇರೆ 200. ಇದು ನಿಜಕ್ಕೂ ಬೇಕಿತ್ತೇ? ಅಳೆದರೆ ಗೊತ್ತಾಗುತ್ತದೆ. 428 ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್. ಚೈನ್ ಎಳೆದು ಹಿಡಿದು 20 ಕೊಂಡಿ ಅಳೆದರೆ ಹೊಸದರಲ್ಲಿ 254 ಬರಬೇಕು. 259 ದಾಟಿದರೆ ಚೈನಿನ ಆಯಸ್ಸು ಮುಗಿಯಿತು. ಇದು 260 ಇತ್ತು. ಟೇಪು ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹೊರಕ್ಕೆ ಎಳೆಯಿರಿ; ಹಲ್ಲಿನ ಅರ್ಧ ಕಾಣಿಸಿದರೆ ಅದೇ ತೀರ್ಪು. ಅಡ್ಜಸ್ಟರ್‌ನಲ್ಲಿ ಇನ್ನೂ ಜಾಗ ಇದೆ ಎಂಬುದು ಚೈನ್ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಾಯಿಸಬೇಕು. ಸವೆದು ಕೊಕ್ಕೆಯಾದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಳೆಯದರ ಅಳತೆಗೆ ಹಿಗ್ಗುತ್ತದೆ. ಮುಂದಿನ ಚಿಕ್ಕ ಸ್ಪ್ರಾಕೆಟ್ ಎಡಗಡೆ ಕವರಿನ ಹಿಂದೆ ಇದೆ. ಅಲ್ಲಿ ಗ್ರೀಸು, ಮಣ್ಣು ಸೇರಿ ಹೆಪ್ಪುಗಟ್ಟಿದ ಉಂಡೆಯನ್ನು ಕೆರೆದು ತೆಗೆದದ್ದೇ ಕಾಲು ಗಂಟೆ. ಹಿಂದಿನ ಚಕ್ರ ಹೊರಗಿದ್ದಾಗಲೇ ಹಬ್‌ನ ಕಪ್ಲಿಂಗ್ ರಬ್ಬರ್ ಮತ್ತು ಬೇರಿಂಗ್ ನೋಡಬೇಕು. ರಬ್ಬರ್ ಸವೆದಿದ್ದರೆ ಗೇರ್ ಹಾಕಿದಾಗೆಲ್ಲ ಚೈನಿಗೆ ಜರ್ಕ್. ಬೇರಿಂಗನ್ನು ಬೆರಳಿನಿಂದ ತಿರುಗಿಸಿದಾಗ ಮರಳು ಅರೆದಂತಾದರೆ ಬದಲಾವಣೆ ಖಚಿತ. ಇಲ್ಲಿ ಎರಡೂ ಸರಿಯಿದ್ದವು. ಚಕ್ರ ಇನ್ನೊಮ್ಮೆ ಬಿಚ್ಚುವ ಕೂಲಿ ಉಳಿಯುವುದು ಹೀಗೆ.

ಚೈನ್ ಜೋಲು 25ರಿಂದ 35 ಮಿಲಿಮೀಟರ್. ಚಕ್ರ ತಿರುಗಿಸುತ್ತ ಅತಿ ಬಿಗಿ ಇರುವ ಜಾಗ ಹುಡುಕಿ ಅಲ್ಲಿ ಅಳೆಯಬೇಕು. ಸದ್ದು ಬರಬಾರದೆಂದು ಬಿಗಿ ಮಾಡಿಸಿಕೊಳ್ಳುವವರು ಬಹಳ. ಇಬ್ಬರು ಕೂತು ಗುಂಡಿಗೆ ಇಳಿದಾಗ ಆ ಚೈನ್ ತಂತಿಯಂತೆ ಬಿಗಿದು, ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಮತ್ತು ಆಯಿಲ್ ಸೀಲ್ ಹಾಳಾಗುತ್ತವೆ. ಎರಡೂ ಬದಿಯ ಗುರುತು ಒಂದೇ ಇರಬೇಕು. ಜತೆಗೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ಚೈನ್ ನೇರವಾಗಿ ಓಡುತ್ತದೆಯೇ ನೋಡಿ. ಕ್ಲಿಪ್ ಲಾಕ್ ಇರುವ ಚೈನ್ ಆದರೆ ಕ್ಲಿಪ್ಪಿನ ತೆರೆದ ಬಾಯಿ ಚೈನ್ ಸಾಗುವ ದಿಕ್ಕಿಗೆ ವಿರುದ್ಧ ಇರಬೇಕು. ಇದು ತಿರುಗುಮುರುಗಾದರೆ ಕ್ಲಿಪ್ ಕಳಚಿಬೀಳಬಹುದು, ನಡುರಸ್ತೆಯಲ್ಲಿ ಚೈನ್ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಪ್ರತಿ 500 ಕಿಲೋಮೀಟರಿಗೆ ಎಸ್‌ಎಇ 90 ಗೇರ್ ಆಯಿಲ್ ಬಿಟ್ಟು ಒರೆಸಿದ್ದರೆ ಈ 1,250 ಇಷ್ಟು ಬೇಗ ಬರುತ್ತಿರಲಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಆ 500 ಕೂಡ ಹೆಚ್ಚಾಯಿತು, ಅಲ್ಲಿ ವಾರಕ್ಕೊಮ್ಮೆ ಬೇಕು.

ಹಿಂದಿನ ಬ್ರೇಕ್ ಶೂ 230. ಶೂ ಹಾಕಿದ್ದಕ್ಕಿಂತ ಮುಖ್ಯವಾದ ಕೆಲಸ ಕ್ಯಾಮ್ ಪಿನ್ ಹೊರತೆಗೆದು, ತುಕ್ಕು ಉಜ್ಜಿ, ತೆಳುವಾಗಿ ಗ್ರೀಸ್ ಹಚ್ಚಿದ್ದು. ಪಿನ್ ಹಿಡಿದುಕೊಂಡರೆ ಹೊಸ ಶೂ ಕೂಡ ಡ್ರಮ್ಮಿಗೆ ತಾಗಿಕೊಂಡೇ ಸುತ್ತುತ್ತದೆ. ಮುಂದಿನ ಡಿಸ್ಕ್ ಪ್ಯಾಡುಗಳಲ್ಲಿ ಇನ್ನೂ ದಪ್ಪ ಇತ್ತು, ಬದಲಾಯಿಸಲಿಲ್ಲ. ಕ್ಯಾಲಿಪರ್ ಬಿಚ್ಚಿ, ಪಿಸ್ಟನ್ ಸುತ್ತಲಿನ ಕೊಳೆ ಒರೆಸಿ ಆಮೇಲೆ ಒಳಕ್ಕೆ ತಳ್ಳಿದರು. ಒರೆಸದೆ ತಳ್ಳಿದರೆ ಆ ಕೊಳೆ ಸೀಲ್ ಕೊಯ್ಯುತ್ತದೆ. ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್. ಬ್ರೇಕ್ ಫ್ಲೂಯಿಡ್ 70 ರೂಪಾಯಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಡಾಟ್ 4 ಫ್ಲೂಯಿಡ್ ಹೊಸದಾಗಿ 230 ಡಿಗ್ರಿಗೂ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಖಾತರಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಇಳಿಯುವಾಗ ಲಿವರ್ ಮೆತ್ತಗಾಗಿ ಹ್ಯಾಂಡಲ್ಲಿಗೆ ತಾಗುವುದಕ್ಕೆ ಇದೇ ಕಾರಣ. ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿಸಿ, ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿಸಿ.

ಹ್ಯಾಂಡಲ್‌ನ ‘ಟಕ್’ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಾದದ್ದು. ಮುಂದಿನ ಚಕ್ರ ಎತ್ತಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದರೆ ಆಟ ಕೈಗೆ ಸಿಗುತ್ತದೆ. ಬಿಗಿ ಮಾಡಿದ ಮೇಲೆ ಹ್ಯಾಂಡಲ್ ಎರಡೂ ಕಡೆ ತನ್ನ ಭಾರಕ್ಕೇ ಬೀಳಬೇಕು. ನಡುವೆ ಒಂದು ಜಾಗದಲ್ಲಿ ಕಚ್ಚಿ ನಿಂತರೆ ಬಟ್ಟಲಿನಲ್ಲಿ ಗುಳಿ ಬಿದ್ದಿದೆ, ಬಿಗಿತದಿಂದ ಸರಿಹೋಗದು, ಸೆಟ್ ಬದಲಾಯಿಸಬೇಕು. ಇಲ್ಲಿ ಬಿಗಿತ ಸಾಕಾಯಿತು. ಬಿಲ್‌ನಲ್ಲಿ ಇದಕ್ಕೊಂದು ಸಾಲೂ ಇಲ್ಲ. ಇದೇ ದೂರಿಗೆ ನೋಡದೆಯೇ ಹೊಸ ಸೆಟ್ ಹಾಕಿ ದುಡ್ಡು ತೆಗೆದುಕೊಳ್ಳುವ ಜಾಗಗಳೂ ಇವೆ. ಕ್ಲಚ್ ಕೇಬಲ್ ಎಳೆ ಬಿಚ್ಚಿಕೊಂಡಿದ್ದರಿಂದ ಹೊಸದು, 130. ಲಿವರಿನಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಇರಬೇಕು. ಇಲ್ಲದಿದ್ದರೆ ಪ್ಲೇಟ್ ಸದಾ ಅರ್ಧ ಜಾರುತ್ತಿರುತ್ತದೆ. ಬ್ಯಾಟರಿ ನಿಂತಲ್ಲಿ 12.6 ವೋಲ್ಟ್, ರೇಸ್ ಮಾಡಿದಾಗ 14ರ ಮೇಲೆ. ಟೈರ್ ಗಾಳಿ ಮುಂದೆ 25, ಹಿಂದೆ 28. ಇಬ್ಬರಿಗೆ ಹಿಂದೆ 32.

ಕೌಂಟರಿನಲ್ಲಿ ಇನ್ನೂ ಮೂರು ‘ಆಫರ್’ ಬಂದವು. ಎಂಜಿನ್ ಒಳಗೆ ತೊಳೆಯುವ ಫ್ಲಶ್, ಟೆಫ್ಲಾನ್ ಕೋಟಿಂಗ್, ಪೆಟ್ರೋಲಿಗೆ ಹಾಕುವ ಕ್ಲೀನರ್ ಬಾಟಲಿ. ಮೂರೂ ಬೇಡವೆಂದದ್ದು ಕಂಜೂಸುತನದಿಂದಲ್ಲ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾದ ಎಂಜಿನ್ನಿಗೆ ಫ್ಲಶ್ ಬೇಕಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದ ದಿನವೇ ಕ್ಲೀನರ್ ಬಾಟಲಿಗೆ ಕೆಲಸವಿಲ್ಲ. ಕೋಟಿಂಗ್ ಬಣ್ಣಕ್ಕೆ ಹೊಳಪು ಕೊಡುತ್ತದೆ, ಯಂತ್ರಕ್ಕೆ ಏನೂ ಮಾಡುವುದಿಲ್ಲ. ಆ ದುಡ್ಡಿಗೆ ಒಂದು ಜೊತೆ ಡಿಸ್ಕ್ ಪ್ಯಾಡ್ ಬರುತ್ತದೆ.

ಬಿಲ್ ನೋಡುವಾಗ ಒಂದು ಲೆಕ್ಕ ನೆನಪಿರಲಿ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಎಂಆರ್‌ಪಿ ಬರೆದು ಅದರ ಮೇಲೆ ಮತ್ತೆ ಜಿಎಸ್‌ಟಿ ಕೂಡಿಸಿದ್ದರೆ ತಪ್ಪು, ಕೇಳಿ ತೆಗೆಸಿ. ಕೈಕೂಲಿಯ ಮೇಲೆ ಶೇ. 18 ಬರುವುದು ಸರಿ: ಜನರಲ್ ಸರ್ವಿಸ್‌ಗೆ 550 ಮತ್ತು ಚೈನ್ ಕಿಟ್ ಹಾಕಿದ್ದಕ್ಕೆ 200 ಸೇರಿ 750, ಅದರ ಮೇಲೆ 135, ಒಟ್ಟು 885. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ಎಂಆರ್‌ಪಿಯ ಪೊಟ್ಟಣ ಕೈಗೆ ಬಂದರೆ ಈಗಿನ ದರ ಯಾವುದೆಂದು ಕೇಳಲು ಸಂಕೋಚ ಬೇಡ.

ಇಷ್ಟನ್ನು ಬೀದಿ ಬದಿಯ ಮೆಕ್ಯಾನಿಕ್ ಹತ್ತಿರ ಕಡಿಮೆಗೆ ಮಾಡಿಸಬಹುದೇ? ಈ ಕಾರ್ಬ್ಯುರೇಟರ್ ಗಾಡಿಗೆ ಖಂಡಿತ ಹೌದು, ಅವರ ಹತ್ತಿರ ಫೀಲರ್ ಗೇಜ್ ಇದ್ದು ಅದನ್ನು ಬಳಸುವುದಾದರೆ. ಕಿವಿಯಿಂದ ಟ್ಯಾಪೆಟ್ ಹೊಂದಿಸುವವರು ಎಷ್ಟೇ ಅನುಭವಿಗಳಾಗಿರಲಿ, ಶಬ್ದ ಕಡಿಮೆ ಮಾಡುವ ಕಡೆಗೇ ವಾಲುತ್ತಾರೆ. ಅದರ ಅಪಾಯ ಮೇಲೆ ಹೇಳಿದ್ದೇನೆ. 2020ರ ಏಪ್ರಿಲ್ ನಂತರದ ಬಿಎಸ್6 ಇಂಜೆಕ್ಷನ್ ಗಾಡಿಗಳ ಎರರ್ ಕೋಡ್ ಓದಲು ಉಪಕರಣ ಬೇಕು. ವಾರಂಟಿ ಇರುವಷ್ಟು ದಿನ ಬಿಲ್ಲಿನ ದಾಖಲೆಯೂ ಬೇಕು. ಅಂಥವಕ್ಕೆ ಸರ್ವಿಸ್ ಸೆಂಟರ್ರೇ ಸರಿ.

ಮೈಲೇಜಿನ ಲೆಕ್ಕ ಹೀಗೆ. 5,000 ಕಿಲೋಮೀಟರಿಗೆ 45ರ ಮೈಲೇಜಿನಲ್ಲಿ 111 ಲೀಟರ್, 40ರಲ್ಲಿ 125 ಲೀಟರ್. ಲೀಟರಿಗೆ 102 ರೂಪಾಯಿ ಹಿಡಿದರೆ ವ್ಯತ್ಯಾಸ ಸುಮಾರು 1,400. ಅಂದರೆ ಇಳಿದ ಐದು ಮರಳಿ ಬಂದರೆ ಮುಂದಿನ ಸರ್ವಿಸ್ ಬರುವಷ್ಟರಲ್ಲಿ ಕೈಕೂಲಿ ಪೂರ್ತಿ ವಾಪಸ್. ಆದರೆ ಕಾರಣ ಇದ್ದರೆ ಮಾತ್ರ ಮೈಲೇಜ್ ಮರಳುತ್ತದೆ. ಇಲ್ಲಿ ಕಟ್ಟಿದ ಫಿಲ್ಟರ್, ಹಿಡಿದುಕೊಂಡ ಬ್ರೇಕ್, ಸವೆದ ಚೈನ್ ಮೂರೂ ಇದ್ದವು. ಎಲ್ಲ ಸರಿಯಿರುವ ಗಾಡಿಗೆ ಆಯಿಲ್ ಬದಲಾಯಿಸಿದ ಮಾತ್ರಕ್ಕೆ ಐದು ಕಿಲೋಮೀಟರ್ ಏರುವುದಿಲ್ಲ.

ಗಾಡಿ ತೆಗೆದುಕೊಂಡು ಹೊರಡುವ ಮುಂಚೆ ಅಲ್ಲೇ ಹತ್ತು ನಿಮಿಷ ಕೊಡಿ. ಮುಂದಿನ ಬ್ರೇಕ್ ನಾಲ್ಕು ಸಲ ಒತ್ತಿ, ಪಿಸ್ಟನ್ ಹಿಂದಕ್ಕೆ ತಳ್ಳಿದ ಮೇಲೆ ಮೊದಲ ಒತ್ತು ಖಾಲಿ ಹೋಗುತ್ತದೆ. ಇದನ್ನು ಗೇಟಿನ ಹೊರಗೆ ಕಂಡುಕೊಳ್ಳುವುದು ಅಪಾಯ. ಆಕ್ಸಲ್ ನಟ್‌ಗೆ ಕೀಲಿ ಪಿನ್ ಇರಬೇಕಾದ ಕಡೆ ಇದೆಯೇ ನೋಡಿ. ಸೈಡ್ ಪ್ಯಾನಲ್ಲಿನ ಸ್ಕ್ರೂ ಎಣಿಸಿ. ಡ್ರೈನ್ ಬೋಲ್ಟಿನ ಕೆಳಗೆ ಬೆರಳಾಡಿಸಿ, ಒಣಗಿರಬೇಕು. ಒತ್ತಡದ ನೀರಿನಲ್ಲಿ ತೊಳೆದಿದ್ದರೆ ಮೊದಲ ಫರ್ಲಾಂಗಿನಲ್ಲಿ ಮೆಲ್ಲಗೆ ಹೋಗುತ್ತ ಬ್ರೇಕ್ ಎರಡು ಮೂರು ಸಲ ಹಿಡಿದು ಒಣಗಿಸಿ. ಚೈನಿಗೆ ಮತ್ತೆ ಎಣ್ಣೆ ಬಿಡಿ, ತೊಳೆದಾಗ ಅದು ಹೋಗಿರುತ್ತದೆ. ಹೊಸ ಚೈನ್ ಮೊದಲಿಗೆ ಒಂದಿಷ್ಟು ಹಿಗ್ಗುತ್ತದೆ, 500 ಕಿಲೋಮೀಟರಿಗೆ ಜೋಲು ಮತ್ತೆ ಅಳೆಸಬೇಕು. ಬಿಲ್‌ನ ಹಿಂಬದಿಯಲ್ಲಿ ಈಗ ಬರೆದಿಟ್ಟಿರುವುದು ಇಷ್ಟು: ಎಕ್ಸಾಸ್ಟ್ 0.10, 42,300ರಲ್ಲಿ. ಚೈನ್ ಜೋಲು, 42,800ರಲ್ಲಿ. ಡಿಸ್ಕ್ ಪ್ಯಾಡ್, ಮುಂದಿನ ಸಲ ನೋಡುವುದು.